ಕೈಯಲ್ಲಿ ಬಲ ಇದೆ, ಆದ್ರೂ ಲೋಟ ಚೆಲ್ಲುತ್ತೆ: ಅಟಾಕ್ಸಿಕ್ ಸಿಪಿ (ಸೆರೆಬ್ರಲ್ ಪಾಲ್ಸಿ) ಬಗ್ಗೆ ಗೊತ್ತಿರುವವರು ಹೇಳಿ

ಡೊಂಬಿವಲಿ ಅಮ್ಮ
ಶನಿವಾರ, ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು. ಮಗಳು ಮಲಗಿದ ಮೇಲೆ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಗಳಿಗೆ ನಾಲ್ಕು ವರ್ಷ. ದಿನ ತುಂಬಿಯೇ ಹುಟ್ಟಿದಳು. ಆರು ತಿಂಗಳಾದರೂ ಕತ್ತು ನಿಲ್ಲಲಿಲ್ಲ. ಎತ್ತಿಕೊಂಡರೆ ಮೈಯೆಲ್ಲ ಮೆತ್ತಗೆ, ಕೈಯಿಂದ ಜಾರುವ ಹಾಗೆ. ಕಾರ್ಕಳದಿಂದ ಅತ್ತೆ ಬಂದು ಮೂರು ತಿಂಗಳು ಎಣ್ಣೆ ಹಚ್ಚಿ ಉಜ್ಜಿದರು. "ನಮ್ಮ ಮನೆಯಲ್ಲಿ ಎಲ್ಲರೂ ತಡವಾಗಿ ನಡೆದವರೇ" ಅಂದರು. ಮಗಳು ಹೆಜ್ಜೆ ಹಾಕಿದ್ದು ಮೂರೂಕಾಲು ವರ್ಷಕ್ಕೆ. ಈಗಲೂ ಕಾಲು ಅಗಲಿಸಿಕೊಂಡು, ಎರಡೂ ಕೈ ಮೇಲೆತ್ತಿಕೊಂಡು ನಡೆಯುತ್ತಾಳೆ. ತಿರುಗುವಾಗ ಬೀಳುತ್ತಾಳೆ.

ಈಚೆಗೆ ಎಂಆರ್‌ಐ ಆಯಿತು. ಹಿಂಬದಿಯ ಕಿರುಮೆದುಳು ಚಿಕ್ಕದಿದೆ ಅಂತ ಬಂತು. ಡಾಕ್ಟರು ಚೀಟಿಯಲ್ಲಿ "ಅಟಾಕ್ಸಿಕ್ ಸೆರೆಬ್ರಲ್ ಪಾಲ್ಸಿ" ಅಂತ ಬರೆದರು, "ಫಿಸಿಯೋ ಮಾಡಿಸಿ" ಅಂದರು. ಅಷ್ಟರಲ್ಲಿ ಮುಂದಿನ ಪೇಷಂಟ್ ಹೆಸರು ಕೂಗಿ ಆಗಿತ್ತು.

ನನಗೆ ಅರ್ಥವಾಗದ್ದು ಇದು. ಪಾಲ್ಸಿ ಅಂದರೆ ಪಾರ್ಶ್ವವಾಯು, ಕೈಕಾಲಿಗೆ ಬಲ ಇರಲ್ಲ ಅಂತ ಎಲ್ಲ ಕಡೆ ಬರೆದಿದ್ದಾರೆ. ಇವಳು ನನ್ನ ಜಡೆ ಹಿಡಿದರೆ ಬಿಡಿಸಲು ಇಬ್ಬರು ಬೇಕು! ಅಷ್ಟು ಗಟ್ಟಿ. ಆದರೆ ಹಾಲಿನ ಲೋಟ ನೆಲದಿಂದ ಬಾಯಿಗೆ ಬರುವಷ್ಟರಲ್ಲಿ ಅರ್ಧ ಎದೆಯ ಮೇಲೆ. ಸುಮ್ನೆ ಕೂತಾಗ ಕೈ ನಡುಗಲ್ಲ. ಏನಾದರೂ ಮುಟ್ಟಲು ಹೋದರೆ ಮಾತ್ರ ನಡುಗುತ್ತೆ. ಹಟ ಮಾಡುತ್ತಾಳಾ ಅಂತ ಒಂದೆರಡು ಸಲ ಗದರಿದ್ದೂ ಇದೆ. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಇನ್ನೊಂದು. ಗ್ರಹಣದ ದಿನ ನಾನು ತರಕಾರಿ ಹೆಚ್ಚಿದ್ದಕ್ಕೇ ಹೀಗಾಯಿತು ಅಂತ ಅತ್ತೆ ಊರಲ್ಲೆಲ್ಲ ಹೇಳಿದ್ದಾರೆ.

*

ಪುಣೆ ಫಿಸಿಯೋ
ಭಾನುವಾರ, ಬೆಳಗ್ಗೆ 7:05

ಅಕ್ಕಾ, ಮೊದಲು ಗ್ರಹಣದ ಮಾತು ಮುಗಿಸಿಬಿಡೋಣ. ನಮ್ಮ ಧಾರವಾಡದಲ್ಲೂ ಇದೇ ಕತೆ, ಬರೀ ತರಕಾರಿ ಬದಲು ಸೂಜಿ. ಗ್ರಹಣಕ್ಕೂ ಕಿರುಮೆದುಳಿಗೂ ಏನೇನೂ ಸಂಬಂಧ ಇಲ್ಲ.

1860ರ ಸುಮಾರಿಗೆ ಲಂಡನ್ನಿನ ವಿಲಿಯಂ ಲಿಟಲ್ ಅನ್ನುವ ಡಾಕ್ಟರು, ಇಂಥ ತೊಂದರೆಗೆಲ್ಲ ಕಷ್ಟದ ಹೆರಿಗೆ ಕಾರಣ ಅಂದರು. ಬಹಳ ವರ್ಷ ಎಲ್ಲರೂ ಅದನ್ನೇ ನಂಬಿದರು. 1897ರಲ್ಲಿ ಸಿಗ್ಮಂಡ್ ಫ್ರಾಯ್ಡ್, ಹೌದು, ಆ ಕನಸಿನ ಫ್ರಾಯ್ಡೇ, ಮಕ್ಕಳ ಸೆರೆಬ್ರಲ್ ಪಾಲ್ಸಿ ಬಗ್ಗೆ ದಪ್ಪ ಪುಸ್ತಕ ಬರೆದು, ಕೆಲವರಲ್ಲಿ ತೊಂದರೆ ಬಸುರಿನಲ್ಲೇ ಶುರುವಾಗಿರುತ್ತೆ, ಹೆರಿಗೆ ಕಷ್ಟವಾಗಿದ್ದೇ ಅದರ ಗುರುತು ಇರಬಹುದು ಅಂದ. ನಿಮ್ಮ ಮಗಳ ತರಹದ್ದರಲ್ಲಿ ಎಷ್ಟೋ ಸಲ ಕಿರುಮೆದುಳು ಹೊಟ್ಟೆಯಲ್ಲಿರುವಾಗಲೇ ಪೂರ್ತಿ ಬೆಳೆದಿರುವುದಿಲ್ಲ. ತಾಯಿ ಮಾಡಿದ್ದಕ್ಕೂ ಬಿಟ್ಟಿದ್ದಕ್ಕೂ ಅಲ್ಲ. ಇದನ್ನ ಅತ್ತೆಗೆ ಓದಿ ಹೇಳಿ, ಫ್ರಾಯ್ಡ್ ಹೆಸರು ಬಿಟ್ಟು.

ಈಗ ಲೋಟದ ವಿಷಯ. ನೀವು ನೋಡಿದ್ದು ಸರಿಯಾಗೇ ಇದೆ. ಅವಳ ಕೈಯಲ್ಲಿ ಬಲ ಇದೆ, ಅಳತೆ ಇಲ್ಲ.

ಸೆರೆಬ್ರಲ್ ಪಾಲ್ಸಿ ಅನ್ನುವುದು ಒಂದೇ ಕಾಯಿಲೆ ಅಲ್ಲ. ಬೆಳೆಯುವ ಮೆದುಳಿಗೆ ಆದ ಪೆಟ್ಟಿನಿಂದಲೋ, ಅದು ಸರಿಯಾಗಿ ಬೆಳೆಯದೆಯೋ ಚಲನೆ ಕೆಟ್ಟಿದ್ದರೆ, ಆ ಎಲ್ಲದಕ್ಕೂ ಇಟ್ಟ ಒಂದು ಕೊಡೆ ಹೆಸರು. 100 ಮಕ್ಕಳಲ್ಲಿ 70ರಿಂದ 80 ಮಕ್ಕಳದು ಸ್ಪಾಸ್ಟಿಕ್, ಅಂದರೆ ಸ್ನಾಯು ಬಿಗಿ. ಕಾಲು ಕತ್ತರಿ ಹಾಕಿದ ಹಾಗೆ, ತುದಿಗಾಲಲ್ಲಿ ನಡಿಗೆ. ಇನ್ನು ಕೆಲವರಲ್ಲಿ ಕೈಕಾಲು ತಾವಾಗೇ ಹೊರಳುತ್ತವೆ. ಅಟಾಕ್ಸಿಕ್, ಅಂದರೆ ಚಲನೆಯ ಅಳತೆ ತಪ್ಪಿದ್ದು, 100ಕ್ಕೆ 5ರ ಆಸುಪಾಸು ಮಾತ್ರ. ನನ್ನ ಹನ್ನೊಂದು ವರ್ಷದ ಕೆಲಸದಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಮಕ್ಕಳನ್ನ ನೋಡಿದ್ದೇನೆ. ಹಾಗಾಗಿ ಬಿಡಿಸಿ ಹೇಳುವವರೂ ಕಡಿಮೆ.

ಕಿರುಮೆದುಳು ತಲೆಯ ಹಿಂದೆ, ಕುತ್ತಿಗೆ ಶುರುವಾಗುವ ಜಾಗದ ಮೇಲೆ ಕೂತಿರುತ್ತೆ. ಗಾತ್ರದಲ್ಲಿ ಮೆದುಳಿನ ಹತ್ತನೇ ಒಂದು ಪಾಲು. ಆದರೆ ಮೆದುಳಿನ ಅರ್ಧಕ್ಕಿಂತ ಜಾಸ್ತಿ ನರಕೋಶ ಅಲ್ಲೇ ಇವೆ! "ಕೈ ಎತ್ತು" ಅನ್ನುವ ಹುಕುಂ ಮೇಲಿನ ಮೆದುಳಿನದು. ಎಷ್ಟು ಜೋರಾಗಿ, ಎಲ್ಲಿ ಬ್ರೇಕ್, ಯಾವ ಸ್ನಾಯು ಮೊದಲು, ಯಾವುದು ಆಮೇಲೆ, ಈ ಲೆಕ್ಕವೆಲ್ಲ ಕಿರುಮೆದುಳಿನದು.

ನಿಮ್ಮ ಬಾತ್‌ರೂಮಿನ ಗೀಸರಿನ ನಲ್ಲಿಯನ್ನ ನೆನೆಸಿಕೊಳ್ಳಿ. ನಲ್ಲಿ ತಿರುಗಿಸಿದಿರಿ, ನೀರು ಇನ್ನೂ ತಣ್ಣಗೆ. ಇನ್ನಷ್ಟು ತಿರುಗಿಸಿದಿರಿ. ಅಷ್ಟರಲ್ಲಿ ಸುಡುವ ನೀರು ಬಂತು. ಗಾಬರಿಯಲ್ಲಿ ವಾಪಸ್ ತಿರುಗಿಸಿದಿರಿ, ಮತ್ತೆ ತಣ್ಣಗೆ. ನೀವು ಮಾಡಿದ ತಿದ್ದುಪಡಿ ತಡವಾಗಿ ಮುಟ್ಟುವುದರಿಂದ ಈ ಒದ್ದಾಟ. ಅವಳ ಕೈಯೂ ಹಾಗೇ. ಲೋಟದ ಕಡೆ ಹೊರಟ ಕೈಗೆ ಬ್ರೇಕ್ ತಡವಾಗಿ ಬೀಳುತ್ತೆ, ಕೈ ಮುಂದೆ ಹೋಗುತ್ತೆ. ವಾಪಸ್ ಎಳೆದರೆ ಆ ಎಳೆತವೂ ಜಾಸ್ತಿ. ಹೋಗಿ ಬಂದು ಹೋಗಿ ಬಂದು, ಹೊರಗಿನಿಂದ ನೋಡುವವರಿಗೆ ಅದೇ ನಡುಕ. ಗುರಿ ಹತ್ತಿರವಾದಷ್ಟೂ ಜಾಸ್ತಿ. ಸುಮ್ನೆ ತೊಡೆಯ ಮೇಲೆ ಕೈಯಿಟ್ಟು ಕೂತಾಗ ತಿದ್ದುವುದೇನೂ ಇಲ್ಲವಲ್ಲ, ನಡುಕವೂ ಇಲ್ಲ.

ಡಾಕ್ಟರು "ನನ್ನ ಬೆರಳು ಮುಟ್ಟು, ಆಮೇಲೆ ನಿನ್ನ ಮೂಗು ಮುಟ್ಟು" ಅಂತ ಆಟ ಆಡಿಸಿರಬೇಕು ಅಲ್ವಾ? ಅಲ್ಲಿ ನೋಡುವುದು ಇದನ್ನೇ. ಬೆರಳು ಮೂಗು ಬಿಟ್ಟು ಕೆನ್ನೆಗೆ ಹೋಗುತ್ತೆ. ಅಂಗೈ-ಹಿಂಗೈ ಬೇಗ ಬೇಗ ತಿರುಗಿಸು ಅಂದರೆ ತಾಳ ತಪ್ಪುತ್ತೆ. ನಡೆಯುವಾಗ ಕಾಲು ಅಗಲ ಇಡುವುದು ಕೆಟ್ಟ ಅಭ್ಯಾಸ ಅಲ್ಲ, ಬೀಳದಿರಲು ಅವಳೇ ಕಂಡುಕೊಂಡ ಉಪಾಯ. ದಯವಿಟ್ಟು "ಕಾಲು ಜೋಡಿಸಿ ನಡಿ" ಅಂತ ಹೇಳಬೇಡಿ.

*

ಥಾಣೆ ಶೆಟ್ರು
ಭಾನುವಾರ, ಬೆಳಗ್ಗೆ 9:40

ಗೀಸರ್ ಉದಾಹರಣೆ ಫಸ್ಟ್ ಕ್ಲಾಸ್. ಅಕ್ಕ, ನನ್ನ ಹೋಟೆಲಿಗೆ ಬರುವ ಗಿರಾಕಿ ಒಬ್ಬರು ಹೇಳಿದರು, ಮುಂಬೈಯಲ್ಲೇ ಸ್ಟೆಮ್ ಸೆಲ್ (ಬೇರೆ ಬೇರೆ ಕೋಶವಾಗಿ ಬೆಳೆಯಬಲ್ಲ ಮೂಲಕೋಶ) ಇಂಜೆಕ್ಷನ್ ಕೊಡುತ್ತಾರಂತೆ, ಸಿಪಿ ಮಕ್ಕಳು ಓಡಾಡುತ್ತಾರಂತೆ. ಖರ್ಚು ಲಕ್ಷಗಳಲ್ಲಿ. ವಿಡಿಯೋ ಇದೆ, ಬೇಕಾದರೆ ಕಳಿಸುತ್ತೇನೆ.

*

ಮುಲುಂಡ್ ಲೋಕಲ್
ಭಾನುವಾರ, ಬೆಳಗ್ಗೆ 10:15

ಶೆಟ್ರೇ, ವಿಡಿಯೋ ಬೇಡ. ಮೊದಲು ನನ್ನ ಕತೆ ಕೇಳಿ.

ನನಗೆ 38 ವರ್ಷ. ಅಟಾಕ್ಸಿಕ್ ಸಿಪಿ. ಮುಂಬೈ ಫೋರ್ಟಿನ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತೇನೆ. ಈ ಪೋಸ್ಟನ್ನು ಟೈಪ್ ಮಾಡುತ್ತಿಲ್ಲ, ಹೇಳಿ ಬರೆಸುತ್ತಿದ್ದೇನೆ. ಹೆಂಡತಿ ಪಕ್ಕದಲ್ಲಿ ಕೂತು ನಗುತ್ತಿದ್ದಾಳೆ.

ಅಕ್ಕ, ನಿಮ್ಮ ಮಗಳ ಒಳಗೆ ಏನಾಗುತ್ತೆ ಅಂತ ನಾನು ಹೇಳಬಲ್ಲೆ. ನಿಮಗೆ ನಡಿಗೆ ಪುಕ್ಕಟೆ. ಕಾಲು ತಾನೇ ನಡೆಯುತ್ತೆ, ನೀವು ಫೋನಿನಲ್ಲಿ ಮಾತಾಡುತ್ತೀರಿ. ನನಗೆ ಪ್ರತಿ ಹೆಜ್ಜೆಗೂ ಗಮನ ಕೊಡಬೇಕು. ಕಣ್ಣು ನೆಲದ ಮೇಲೆ ಇರಬೇಕು. ಯಾರಾದರೂ ಹಿಂದಿನಿಂದ ಹೆಸರು ಹಿಡಿದು ಕರೆದರೆ ನಾನು ನಿಂತು, ಗೋಡೆ ಹಿಡಿದು, ಆಮೇಲೆ ತಿರುಗುತ್ತೇನೆ. ನಡೆಯುತ್ತಾ ತಿರುಗಿದರೆ ಬಿದ್ದೆ ಅಂತಲೇ ಲೆಕ್ಕ. ಕರೆಂಟ್ ಹೋದರೆ ಕೂತುಬಿಡುತ್ತೇನೆ. ಸಂಜೆ ಹೊತ್ತಿಗೆ ಸುಸ್ತು ಅಂದರೆ ಎಂಥಾ ಸುಸ್ತು. ಜ್ವರ ಬಂದರೆ, ನಿದ್ದೆ ಕೆಟ್ಟರೆ, ಬಾಸ್ ಬೈದರೆ ನಡುಕ ಜಾಸ್ತಿ. ಆ ದಿನ "ಕಾಯಿಲೆ ಹೆಚ್ಚಾಯಿತು" ಅಂತ ಮನೆಯವರು ಗಾಬರಿಯಾಗಬಾರದು. ಮಾರನೇ ದಿನ ಮೊದಲಿನಂತೆ ಆಗುತ್ತೆ.

ಬೆಳಗಿನ ಲೋಕಲ್ ಟ್ರೈನು. ವಿಕಲಾಂಗರ ಡಬ್ಬಾ ಇದೆ, ಕಾರ್ಡ್ ಇದೆ. ಆದರೂ ಹತ್ತಿದ ತಕ್ಷಣ "ನಿಮಗೇನಾಗಿದೆ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಕೋಲಿಲ್ಲ, ವೀಲ್‌ಚೇರಿಲ್ಲ, ಕೈಕಾಲು ನೆಟ್ಟಗೆ ಇವೆ. ಕೂತಾಗ ನಾನು ಎಲ್ಲರ ಹಾಗೇ ಕಾಣುತ್ತೇನೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಪ್ರಶ್ನೆ ಬದಲಾಗುತ್ತೆ: "ಬೆಳಿಗ್ಗೆ ಬೆಳಿಗ್ಗೆನೇ ಏರಿಸಿದ್ದಾನೆ ನೋಡು."

ಇದು ತಮಾಷೆ ಅಲ್ಲ. ಒಂದು ರಾತ್ರಿ ಸ್ಟೇಷನ್ ಬ್ರಿಜ್ಜಿನ ಮೇಲೆ ಪೊಲೀಸರು ಹಿಡಿದು ಬಾಯಿ ಮೂಸಿದರು. ನನ್ನ ಮಾತೂ ಬಿಡಿಬಿಡಿಯಾಗಿ, ಎಳೆದೆಳೆದು ಬರುತ್ತೆ. ಮಾತಾಡಿದಷ್ಟೂ ಅವರ ಅನುಮಾನ ಜಾಸ್ತಿಯಾಯಿತು. ಆಮೇಲೆ ನನ್ನ ಡಾಕ್ಟರು ಹೇಳಿದ್ದು ಕೇಳಿ: ಹೆಂಡ ಮೊದಲು ಹಿಡಿಯುವ ಜಾಗಗಳಲ್ಲಿ ಕಿರುಮೆದುಳೂ ಒಂದು. ಕುಡಿದವನು ತೂರಾಡುವುದು, ತೊದಲುವುದು ಅದಕ್ಕೇ. ಅಂದರೆ ಕುಡಿದವನು ನನ್ನ ಹಾಗೆ ನಡೆಯುತ್ತಾನೆಯೇ ಹೊರತು ನಾನು ಅವನ ಹಾಗಲ್ಲ. ಅವನಿಗೆ ಬೆಳಗಾದರೆ ಇಳಿಯುತ್ತೆ, ಅಷ್ಟೇ ವ್ಯತ್ಯಾಸ. ಅಂದಿನಿಂದ ಕಾರ್ಡನ್ನ ಪರ್ಸಿನಲ್ಲಿ ಇಡುವುದಿಲ್ಲ, ಕೊರಳಿಗೆ ಹಾಕಿಕೊಳ್ಳುತ್ತೇನೆ. ಪರ್ಸಿನಿಂದ ಹುಡುಕಿ ತೆಗೆಯುವುದರಲ್ಲಿ ಕೈ ನಡುಗಿ ಮತ್ತೆ ಅನುಮಾನ ಬರುವುದು ಬೇಡ.

ಚಹಾ ಹೇಗೆ ಕುಡಿಯುತ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಕಟಿಂಗ್, ಅಂದರೆ ಅರ್ಧ ಚಹಾ ಹೇಳುತ್ತೇನೆ, ದೊಡ್ಡ ಗ್ಲಾಸಿನಲ್ಲಿ ಹಾಕಿಸಿಕೊಳ್ಳುತ್ತೇನೆ. ಚಹಾ ಟಪರಿಯವನಿಗೆ ಗೊತ್ತು. ಎರಡೂ ಮೊಣಕೈ ಕಟ್ಟೆಯ ಮೇಲೆ ಊರಿ, ಗ್ಲಾಸನ್ನ ಬಾಯಿಗೆ ತರುವ ಬದಲು ಬಾಯನ್ನ ಗ್ಲಾಸಿನ ಹತ್ತಿರ ತರುತ್ತೇನೆ. ಇದೊಂದು ನಿಮ್ಮ ಮಗಳಿಗೆ ಇವತ್ತೇ ಮಾಡಿಸಿ ನೋಡಿ. ನೆಲದ ಮೇಲೆ ಕೂರಿಸಿ ಲೋಟ ಕೊಡಬೇಡಿ. ಎದೆ ಮಟ್ಟದ ಟೇಬಲ್, ಕಾಲು ನೆಲಕ್ಕೆ ತಾಗುವ ಕುರ್ಚಿ, ಮೊಣಕೈ ಟೇಬಲ್ ಮೇಲೆ. ಕೈ ಓಡಾಡುವ ದಾರಿ ಚಿಕ್ಕದಾದಷ್ಟೂ ನಡುಕಕ್ಕೆ ಜಾಗ ಕಡಿಮೆ.

ನಿಜವಾದ ಶತ್ರು ಚಹಾ ಅಲ್ಲ, ಯುಪಿಐ ಪಿನ್. ನಾಲ್ಕು ಒತ್ತಲು ಹೋದರೆ ಏಳು. ಮೂರು ಸಲ ತಪ್ಪಿ, ಹಿಂದೆ ಲೈನಿನಲ್ಲಿ ಇರುವವರು ಚ್ ಚ್ ಅನ್ನುವಾಗ ಮತ್ತೂ ನಡುಕ. ನಾನು ನೋಟು ಇಟ್ಟುಕೊಂಡೇ ಓಡಾಡುತ್ತೇನೆ.

*

ಪುಣೆ ಫಿಸಿಯೋ
ಭಾನುವಾರ, ಮಧ್ಯಾಹ್ನ 1:30

ಮುಲುಂಡ್ ಅಣ್ಣಾ, ಮೊಣಕೈ ಊರುವ ವಿಷಯ ನಾನು ಹೇಳಬೇಕಿತ್ತು, ನೀವೇ ಚೆನ್ನಾಗಿ ಹೇಳಿದಿರಿ.

ಶೆಟ್ರೇ, ನೀವು ಒಳ್ಳೆಯದಕ್ಕೇ ಹೇಳಿದ್ದು ಗೊತ್ತು. ಆದರೆ ಇದನ್ನ ಸ್ವಲ್ಪ ಖಾರವಾಗೇ ಹೇಳುತ್ತೇನೆ. ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಇದೆ: ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥದ್ದು ಬಿಟ್ಟರೆ, ಬೇರೆ ಯಾವುದಕ್ಕೂ ಸ್ಟೆಮ್ ಸೆಲ್ ಮಾಮೂಲಿ ಚಿಕಿತ್ಸೆ ಅಲ್ಲ, ದುಡ್ಡು ತಗೊಂಡು ಕೊಡುವ ಹಾಗಿಲ್ಲ. ಸಂಶೋಧನೆ ಅಂತ ಮಾಡಿದರೆ ರೋಗಿಯಿಂದ ಕಾಸು ಕೇಳಬಾರದು. ಲಕ್ಷ ಕೇಳುತ್ತಿದ್ದಾರೆ ಅಂದರೆ ಅಲ್ಲಿಗೇ ಉತ್ತರ ಸಿಕ್ಕಿತು. ವಿಡಿಯೋದಲ್ಲಿ ಮಗು ನಡೆಯುವುದು ಸುಳ್ಳಲ್ಲದೇ ಇರಬಹುದು. ಅಟಾಕ್ಸಿಕ್ ಮಕ್ಕಳು ಎಷ್ಟೋ ಜನ ಹೇಗೂ ಮೂರು-ನಾಲ್ಕು ವರ್ಷಕ್ಕೆ, ಕೆಲವರು ಇನ್ನೂ ತಡವಾಗಿ ನಡೆದೇ ನಡೆಯುತ್ತಾರೆ. ಇಂಜೆಕ್ಷನ್ ಕೊಟ್ಟವರು ಹೆಸರು ತಗೊಳ್ಳುತ್ತಾರೆ.

ಒತ್ತಡದ ಆಕ್ಸಿಜನ್ ಡಬ್ಬಿಯೊಳಗೆ ಮಗುವನ್ನ ಕೂರಿಸುವ ಚಿಕಿತ್ಸೆಯೂ ಹಾಗೇ. 2001ರಲ್ಲಿ ಕೆನಡಾದಲ್ಲಿ 111 ಸಿಪಿ ಮಕ್ಕಳನ್ನ ಎರಡು ಗುಂಪು ಮಾಡಿ ನೋಡಿದರು. ಒಂದಕ್ಕೆ ಒತ್ತಡದ ಆಕ್ಸಿಜನ್, ಇನ್ನೊಂದಕ್ಕೆ ಸ್ವಲ್ಪವೇ ಒತ್ತಡದ ಬರೀ ಗಾಳಿ. ಎರಡೂ ಗುಂಪು ಒಂದೇ ತರ ಸುಧಾರಿಸಿದವು.

ಬೊಟಾಕ್ಸ್ ಇಂಜೆಕ್ಷನ್ ಬಗ್ಗೆಯೂ ಯಾರಾದರೂ ಹೇಳುತ್ತಾರೆ. ಅದು ಬಿಗಿ ಸ್ನಾಯು ಸಡಿಲಿಸಲು. ನಿಮ್ಮ ಮಗಳದು ಮೊದಲೇ ಸಡಿಲ.

*

ಥಾಣೆ ಶೆಟ್ರು
ಭಾನುವಾರ, ಮಧ್ಯಾಹ್ನ 2:10

ಒಪ್ಪಿದೆ. ವಿಡಿಯೋ ಡಿಲೀಟ್. ಮುಲುಂಡ್ ಅಣ್ಣ, ಥಾಣೆಗೆ ಬಂದಾಗ ಹೋಟೆಲಿಗೆ ಬನ್ನಿ. ಗ್ಲಾಸು ನೀವು ಹೇಳಿದಷ್ಟು ದೊಡ್ಡದು.

*

ವಾಸ್ಕೋ ಅಪ್ಪ
ಭಾನುವಾರ, ರಾತ್ರಿ 10:50

ನಾನು ಗದಗ ಕಡೆಯವನು. ಹದಿನಾರು ವರ್ಷದಿಂದ ವಾಸ್ಕೋದಲ್ಲಿ ಇದ್ದೇನೆ, ಬಂದರಿನಲ್ಲಿ ಕೆಲಸ. ಬರೆಯಬೇಕೋ ಬೇಡವೋ ಅಂತ ಬೆಳಗಿನಿಂದ ಯೋಚಿಸಿದೆ. ಡೊಂಬಿವಲಿ ತಂಗಿ ಗಾಬರಿಯಾಗಬಾರದು. ಆದರೆ ಗೊತ್ತಿದ್ದೂ ಹೇಳದಿರುವುದು ಸರಿ ಅಲ್ಲ.

ನನ್ನ ಮಗ ಒಂದೂವರೆ ವರ್ಷಕ್ಕೆ ನಡೆದ. ತೂರಾಡುತ್ತಿದ್ದ. ಮೂರು ವರ್ಷಕ್ಕೆ ಅಟಾಕ್ಸಿಕ್ ಸಿಪಿ ಅಂತ ಬರೆದುಕೊಟ್ಟರು. ನಾವು ಅದನ್ನೇ ನಂಬಿ ವ್ಯಾಯಾಮ ಮಾಡಿಸಿದೆವು. ಐದು ವರ್ಷಕ್ಕೆ ಮೊದಲಿಗಿಂತ ಜಾಸ್ತಿ ಬೀಳತೊಡಗಿದ. ಶಾಲೆ ಶುರುವಾಗಿದೆ, ಆಯಾಸ ಇರಬಹುದು ಅಂದುಕೊಂಡೆವು. ಆರಕ್ಕೆ ಅವನ ಕಣ್ಣಿನ ಬಿಳಿ ಭಾಗದಲ್ಲಿ ಸಣ್ಣ ಸಣ್ಣ ಕೆಂಪು ಗೆರೆ ಬಂದವು. ಧೂಳು ಅಂತ ಮೆಡಿಕಲ್ ಶಾಪಿನಿಂದ ಕಣ್ಣಿನ ಹನಿ ತಂದು ಹಾಕಿದೆ. ಎರಡು ತಿಂಗಳು ಹಾಕಿದೆ. ಪದೇ ಪದೇ ಕೆಮ್ಮು, ನಿಮೋನಿಯಾ.

ಕೊನೆಗೆ ಇಲ್ಲೇ ಗೋವಾದ ಬಾಂಬೋಲಿಮ್ ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಟಾರ್ಚ್ ಹಾಕಿ ಕಣ್ಣು ನೋಡಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ, "ನೀವೂ ನಿಮ್ಮ ಮನೆಯವರೂ ಸಂಬಂಧಿಕರಾ?"

ನಾನು ಮದುವೆಯಾಗಿದ್ದು ಅಕ್ಕನ ಮಗಳನ್ನ. ನಮ್ಮ ಕಡೆ ಅದು ಮಾಮೂಲು.

ರಕ್ತ ಪರೀಕ್ಷೆ, ಆಮೇಲೆ ಜೀನ್ ಪರೀಕ್ಷೆ. ಅದು ಸಿಪಿ ಅಲ್ಲವೇ ಅಲ್ಲ. ಅಟಾಕ್ಸಿಯಾ ಟೆಲಂಜಿಯೆಕ್ಟೇಸಿಯಾ ಅಂತ ಬೇರೆ ಕಾಯಿಲೆ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಬರುತ್ತೆ. ಇದು ವರ್ಷ ವರ್ಷ ಹೆಚ್ಚಾಗುತ್ತೆ. ರೋಗ ತಡೆಯುವ ಶಕ್ತಿ ಕಡಿಮೆ, ಕ್ಯಾನ್ಸರ್ ಭಯ ಜಾಸ್ತಿ. ಇಂಥ ಮಕ್ಕಳ ಮೈ ಎಕ್ಸ್‌ರೇ ಕಿರಣ ತಡೆಯಲ್ಲ. ನಾವು ಅದಕ್ಕೆ ಮೊದಲು ನಿಮೋನಿಯಾಕ್ಕೆ ಅಂತ ಎಷ್ಟು ಎಕ್ಸ್‌ರೇ, ಸಿಟಿ ಸ್ಕ್ಯಾನ್ ಮಾಡಿಸಿದ್ದೆವೋ.

ಅವನಿಗೆ ಈಗ ಹನ್ನೊಂದು. ವೀಲ್‌ಚೇರಿನಲ್ಲಿ ಇದ್ದಾನೆ. ಕ್ಯಾರಂನಲ್ಲಿ ನನ್ನನ್ನ ಸೋಲಿಸುತ್ತಿದ್ದವನು ಈಗ ಲೆಕ್ಕ ಇಡುತ್ತಾನೆ, ಮೋಸ ಮಾಡಿ ತಂಗಿಯನ್ನ ಗೆಲ್ಲಿಸುತ್ತಾನೆ. ಆ ಮಗಳು ಹೊಟ್ಟೆಯಲ್ಲಿದ್ದಾಗಲೇ ಪರೀಕ್ಷೆ ಮಾಡಿಸಿದ್ದೆವು. ನಾಲ್ಕರಲ್ಲಿ ಒಂದು ಪಾಲು ಅಪಾಯ ಅಂದಿದ್ದರು. ಅವಳಿಗೆ ಇಲ್ಲ.

*

ಪುಣೆ ಫಿಸಿಯೋ
ಸೋಮವಾರ, ಬೆಳಗ್ಗೆ 6:40

ಅಣ್ಣಾ, ರಾತ್ರಿ ಓದಿದೆ, ತಕ್ಷಣ ಬರೆಯಲು ಆಗಲಿಲ್ಲ.

ಡೊಂಬಿವಲಿ ಅಕ್ಕಾ, ಈ ಅಣ್ಣ ಹೇಳಿದ್ದು ನಾನು ಮೊದಲ ಉತ್ತರದಲ್ಲೇ ಹೇಳಬೇಕಿತ್ತು. ಸಿಪಿಯಲ್ಲಿ ಮೆದುಳಿಗೆ ಆದ ಪೆಟ್ಟು ಬೆಳೆಯುವುದಿಲ್ಲ. ಮಗು ಕಲಿಯುತ್ತಾ ಹೋಗುತ್ತೆ, ನಿಧಾನವಾಗಿ, ಆದರೆ ಮುಂದಕ್ಕೆ. ಬೆಳೆದಂತೆ ತೂಕ ಎತ್ತರ ಜಾಸ್ತಿಯಾಗಿ ನಡಿಗೆ ಸ್ವಲ್ಪ ಕಷ್ಟವಾಗಬಹುದು, ಅದು ಬೇರೆ. ಕಲಿತದ್ದನ್ನ ಕಳೆದುಕೊಳ್ಳತೊಡಗಿದರೆ ಅದು ಸಿಪಿ ಇರಲಿಕ್ಕಿಲ್ಲ. ಚೀಟಿಯಲ್ಲಿ ಸಿಪಿ ಅಂತ ಬರೆದಿದೆ ಅಂತ ಸುಮ್ಮನಿರಬಾರದು, ನರರೋಗದ ಡಾಕ್ಟರ ಹತ್ತಿರ ವಾಪಸ್ ಹೋಗಬೇಕು. ಬೆಳಗಿನ ಹೊತ್ತು ತಲೆನೋವು, ವಾಂತಿ, ಇದ್ದಕ್ಕಿದ್ದಂತೆ ಶುರುವಾದ ತೂರಾಟ, ಇವು ಬಂದರೆ ಅದೇ ದಿನ ಹೋಗಬೇಕು. ಆ ಜಾಗದಲ್ಲಿ ಗಡ್ಡೆ ಬೆಳೆದರೂ, ನೀರು ತುಂಬಿದರೂ ಹೀಗೇ ಕಾಣುತ್ತೆ.

ಇನ್ನು ಕೆಲವು ಅಟಾಕ್ಸಿಯಾಗೆ ಔಷಧಿ ಇದೆ. ವಿಟಮಿನ್ ಇ ಮೈಗೆ ಹತ್ತದೆ ಬರುವಂಥದ್ದು ಒಂದು. ಬೇಗ ಗೊತ್ತಾದರೆ ದೊಡ್ಡ ಪ್ರಮಾಣದಲ್ಲಿ ವಿಟಮಿನ್ ಇ ಕೊಟ್ಟು ತಡೆಯಬಹುದು. ಅಪರೂಪ, ಆದರೆ ಆ ಒಬ್ಬರು ನಿಮ್ಮ ಮಗು ಆಗಿದ್ದರೆ?

ನಿಮ್ಮ ಮಗಳು ಮುಂದಕ್ಕೇ ಹೋಗುತ್ತಿದ್ದಾಳೆ ಅನ್ನಿಸುತ್ತೆ. ಆದರೂ ಆರು ತಿಂಗಳಿಗೊಮ್ಮೆ ಒಂದು ನಿಮಿಷದ ವಿಡಿಯೋ ಮಾಡಿ ಇಡಿ. ಅದೇ ಜಾಗ, ಅದೇ ಕೆಲಸ: ನಡೆದು ಬರುವುದು, ತಿರುಗುವುದು, ಬಟನ್ ಎತ್ತಿ ಡಬ್ಬಿಗೆ ಹಾಕುವುದು. ನೆನಪು ಮೋಸ ಮಾಡುತ್ತೆ, ವಿಡಿಯೋ ಮಾಡಲ್ಲ. ಜೀನ್ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನ ನೀವೇ ಕೇಳಿ. ಅಟಾಕ್ಸಿಕ್ ಅಂತ ಬರೆದ ಮಕ್ಕಳಲ್ಲಿ ಜೀನಿನ ಕಾರಣ ಸಿಗುವುದು ಬೇರೆ ಸಿಪಿಗಿಂತ ಜಾಸ್ತಿ.

*

ಡೊಂಬಿವಲಿ ಅಮ್ಮ
ಸೋಮವಾರ, ರಾತ್ರಿ 11:45

ವಾಸ್ಕೋ ಅಣ್ಣ, ನಿಮಗೆ ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ. ನಾವು ಸಂಬಂಧಿಕರಲ್ಲ. ಕಣ್ಣು ನೋಡಿದೆ, ಗೆರೆ ಇಲ್ಲ. ಆದರೆ ಒಂದು ಕಡೆ ನೋಡುವಾಗ ಗುಡ್ಡೆ ಸ್ವಲ್ಪ ಅಲುಗುತ್ತೆ. ಫಿಸಿಯೋ ತಮ್ಮ, ಇದೂ ಕಿರುಮೆದುಳಿನದೇನಾ?

ಹೋದ ವರ್ಷದ ವಿಡಿಯೋ ಫೋನಿನಲ್ಲಿ ಸಿಕ್ಕಿತು. ಗಣಪತಿ ಹಬ್ಬದ್ದು. ನನ್ನ ಬೆರಳು ಬಿಟ್ಟರೆ ಕೂತುಬಿಡುತ್ತಿದ್ದಳು. ಈಗ ಹಾಲ್ ರೂಮಿನಿಂದ ಅಡುಗೆಮನೆಗೆ ಒಬ್ಬಳೇ ಬರುತ್ತಾಳೆ. ನಾನು ಇದನ್ನ ಗಮನಿಸಿಯೇ ಇರಲಿಲ್ಲ!

ಟೇಬಲ್ ಉಪಾಯ ಮಾಡಿದೆ. ಮೊಣಕೈ ಊರಿಸಿ, ರಾಗಿ ಗಂಜಿ ಅರ್ಧ ಲೋಟ. ಮೊದಲ ಸಲ ಚೆಲ್ಲಿತು. ಎರಡನೇ ಸಲ ಲೋಟ ಅಲ್ಲೇ ಇಟ್ಟು ತಾನೇ ಬಗ್ಗಿದಳು, ಬೆಕ್ಕು ಹಾಲು ಕುಡಿಯುವ ಹಾಗೆ. ಆದರೆ ತಟ್ಟೆ ಜಾರಿ ಜಾರಿ ಹೋಗುತ್ತೆ, ಚಮಚ ತಟ್ಟೆಯನ್ನೇ ದೂಡುತ್ತೆ.

ಇನ್ನೊಂದು ಕೇಳಬೇಕಿತ್ತು. ಅವಳ ಮಾತು ಒಂದೊಂದೇ ಅಕ್ಷರ ಬಿಡಿಸಿ ಬರುತ್ತೆ. ಅಮ್, ಮಾ, ನೀ, ರು. ಮನೆಯಲ್ಲಿ ಕನ್ನಡ, ಅಜ್ಜಿಯ ಜೊತೆ ತುಳು, ಕೆಳಗೆ ಆಡುವಾಗ ಮರಾಠಿ, ಹಿಂದಿ. ಇಲ್ಲೊಂದು ಕ್ಲಿನಿಕ್ಕಿನ ಸ್ಪೀಚ್ ಮೇಡಂ, "ಇಷ್ಟೊಂದು ಭಾಷೆ ಬೇಡ, ಮನೆಯಲ್ಲೂ ಹಿಂದಿಯೇ ಮಾತಾಡಿ" ಅಂದರು. ಮೂರು ತಿಂಗಳಿಂದ ನಾನು ಮಗಳ ಜೊತೆ ನನ್ನ ಹರಕು ಹಿಂದಿಯಲ್ಲಿ ಮಾತಾಡುತ್ತಿದ್ದೇನೆ.

*

ಸಾಂತಾಕ್ರೂಜ್ ಟೀಚರ್
ಮಂಗಳವಾರ, ಬೆಳಗ್ಗೆ 8:20

ನಿಲ್ಲಿಸಮ್ಮ ಆ ಹಿಂದಿ, ಇವತ್ತೇ ನಿಲ್ಲಿಸು.

ನಾನು ಪಾಲಿಕೆಯ ಕನ್ನಡ ಶಾಲೆಯಲ್ಲಿ 31 ವರ್ಷ ಪಾಠ ಮಾಡಿ ರಿಟೈರ್ ಆದವಳು. ಕೂಲಿ ಮಾಡುವವರ ಮಕ್ಕಳು, ಹೋಟೆಲ್ ಹುಡುಗರ ಮಕ್ಕಳು, ಮನೆಯಲ್ಲಿ ಒಂದು ಭಾಷೆ, ಗಲ್ಲಿಯಲ್ಲಿ ಮೂರು. ಯಾರ ನಾಲಿಗೆಯೂ ಅದರಿಂದ ಕೆಟ್ಟಿದ್ದು ನೋಡಿಲ್ಲ. ಬೆಳವಣಿಗೆ ತಡವಾದ ಮಕ್ಕಳಿಗೂ ಎರಡು ಭಾಷೆಯಿಂದ ಹಾನಿ ಇಲ್ಲ ಅಂತ ಬಲ್ಲವರು ಅಧ್ಯಯನ ಮಾಡಿ ಹೇಳಿದ್ದಾರೆ. ಇವಳಿಗೆ ಕಷ್ಟ ಇರುವುದು ಭಾಷೆಯಲ್ಲಿ ಅಲ್ಲ. ತುಟಿ, ನಾಲಿಗೆ, ಉಸಿರು ಮೂರಕ್ಕೂ ತಾಳ ಕೂಡಿಸುವುದರಲ್ಲಿ. ಆ ತಾಳ ಹಿಂದಿಯಲ್ಲಿ ಸುಲಭ, ಕನ್ನಡದಲ್ಲಿ ಕಷ್ಟ ಅಂತೇನಿಲ್ಲ. ಅಜ್ಜಿಯ ತುಳು ಕಿತ್ತುಕೊಂಡರೆ ಅಜ್ಜಿಯನ್ನೇ ಕಿತ್ತುಕೊಂಡ ಹಾಗೆ. ಗ್ರಹಣದ ಅಜ್ಜಿಯಾದರೂ ಸರಿ.

ನನ್ನದೊಂದು ತಪ್ಪು ಹೇಳುತ್ತೇನೆ. ನಾಲ್ಕನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಬಾಯಲ್ಲಿ ಕೇಳಿದರೆ ಎಲ್ಲ ಉತ್ತರ ಸರಿ. ಬರೆಸಿದರೆ ಕೋಳಿ ಕೆದಕಿದ ಹಾಗೆ. ಒಂದು ಸಾಲು ಬೆಟ್ಟದಷ್ಟು ದೊಡ್ಡದು, ಇನ್ನೊಂದು ಗೆರೆಯಿಂದ ಕೆಳಗೆ. ಅಕ್ಷರದ ಒತ್ತು ಯಾವುದೋ ಪಕ್ಕದ ಅಕ್ಷರದ ಕೆಳಗೆ ಹೋಗಿರುತ್ತಿತ್ತು. ಸೋಮಾರಿ ಅಂತ ಒಂದೇ ಪಾಠವನ್ನು ಹತ್ತು ಸಲ ಬರೆಸಿದೆ. ಹತ್ತು ಸಲ ಬರೆದ, ಹತ್ತನೆಯದು ಎಲ್ಲಕ್ಕಿಂತ ಕೆಟ್ಟದಾಗಿತ್ತು. ಸುಸ್ತಾದಷ್ಟೂ ಕೆಡುತ್ತೆ ಅಂತ ಇಲ್ಲಿ ಮುಲುಂಡ್ ತಮ್ಮ ಬರೆದದ್ದು ಓದಿ ಅವನ ಆ ಪುಸ್ತಕ ಕಣ್ಣ ಮುಂದೆ ಬಂತು.

ಮಗು ಶಾಲೆಗೆ ಸೇರುವಾಗ ಚೌಕಾಕಾರದ ದೊಡ್ಡ ಗೆರೆಯ ಪುಸ್ತಕ, ದಪ್ಪ ಪೆನ್ಸಿಲ್, ಇಳಿಜಾರು ಹಲಗೆ ಕೇಳಿ ಪಡೆಯಿರಿ. ಮುಂದೆ ಪರೀಕ್ಷೆಗೆ ಬರೆಯುವವರನ್ನ ಇಟ್ಟುಕೊಳ್ಳಲು, ಗಂಟೆಗೆ 20 ನಿಮಿಷ ಜಾಸ್ತಿ ಸಮಯ ಪಡೆಯಲು ಕೇಂದ್ರದ ಮಾರ್ಗಸೂಚಿ ಇದೆ. ಅದಕ್ಕೆ ಅಂಗವಿಕಲತೆಯ ಸರ್ಟಿಫಿಕೇಟ್ ಬೇಕು. ಈಗಲೇ ಮಾಡಿಸಿಡಿ.

*

ಮುಲುಂಡ್ ಲೋಕಲ್
ಮಂಗಳವಾರ, ಬೆಳಗ್ಗೆ 9:05

ಟೀಚರ್, ಆ ಹುಡುಗ ನಾನಲ್ಲ, ನಾನು ಇಂಗ್ಲಿಷ್ ಮೀಡಿಯಂ. ಆದರೆ ನನಗೂ ಒಬ್ಬರು ಹತ್ತು ಸಲ ಬರೆಸಿದ್ದರು.

ಸರ್ಟಿಫಿಕೇಟ್ ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ 21 ಬಗೆ ಇವೆ, ಸಿಪಿ ಅದರಲ್ಲಿದೆ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಆನ್‌ಲೈನ್ ಅರ್ಜಿ ಹಾಕಿ, ಆಮೇಲೆ ಆಸ್ಪತ್ರೆಯಲ್ಲಿ ತೋರಿಸಬೇಕು. ಹೆಚ್ಚಿನ ಸೌಲಭ್ಯಕ್ಕೆ 40 ಪರ್ಸೆಂಟ್ ಅಂಗವಿಕಲತೆ ಅಂತ ಬರೆದಿರಬೇಕು. ಒಂದು ಕಿವಿಮಾತು: ನೋಡುವ ಡಾಕ್ಟರ ಮುಂದೆ ಮಗುವನ್ನ ಬರೀ ಕೂರಿಸಬೇಡಿ. ನಡೆಸಿ, ತಿರುಗಿಸಿ, ನೀರು ಕುಡಿಸಿ ತೋರಿಸಿ. ನನಗೆ ಮೊದಲ ಸಲ ಮೇಜಿನ ಮೇಲೆ ಮಲಗಿಸಿ, ಕಾಲು ಒತ್ತಿ ನೋಡಿ, "ಪವರ್ ನಾರ್ಮಲ್" ಅಂತ ಬರೆದು ಕಳಿಸಿದ್ದರು. ಪವರ್ ನಾರ್ಮಲ್ಲೇ ಸ್ವಾಮಿ, ತೊಂದರೆ ಅದರಲ್ಲಿ ಅಲ್ಲವಲ್ಲ!

ನಿರಾಮಯ ಅಂತ ಆರೋಗ್ಯ ವಿಮೆ ಇದೆ, ಸಿಪಿ ಇರುವವರಿಗೂ ಸಿಗುತ್ತೆ. ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿ ಖರ್ಚಿಗೂ ಒಂದಿಷ್ಟು ಬರುತ್ತೆ. ಹಾಜಿ ಅಲಿ ಹತ್ತಿರ ಕೇಂದ್ರ ಸರ್ಕಾರದ ದೊಡ್ಡ ಪುನರ್ವಸತಿ ಸಂಸ್ಥೆ ಇದೆ. ಮಹಾಲಕ್ಷ್ಮಿಯಲ್ಲಿ ಇಳಿದು ಟ್ಯಾಕ್ಸಿ ಮಾಡಿ. ಡೊಂಬಿವಲಿಯಿಂದ ದೂರವೇ, ಆದರೆ ಫಿಸಿಯೋ, ಓಟಿ (ಉಣ್ಣುವುದು, ಬರೆಯುವುದು ಇಂಥ ದಿನದ ಕೆಲಸ ಕಲಿಸುವ ಥೆರಪಿ), ಸ್ಪೀಚ್ ಮೂರೂ ಒಂದೇ ಕಡೆ.

*

ಪುಣೆ ಫಿಸಿಯೋ
ಮಂಗಳವಾರ, ರಾತ್ರಿ 9:30

ಹೌದು ಅಕ್ಕಾ, ಕಣ್ಣಿನ ಗುಡ್ಡೆ ಅಲುಗುವುದೂ ಅಲ್ಲಿಂದಲೇ ಬರಬಹುದು. ಕಣ್ಣೂ ಸ್ನಾಯುವಿನ ಮೇಲೇ ಓಡುವುದು. ಕಣ್ಣಿನ ಡಾಕ್ಟರಿಗೂ ಒಮ್ಮೆ ತೋರಿಸಿ.

ವ್ಯಾಯಾಮ ಇಲ್ಲಿ ಬರೆದು ಕೊಡುವಂಥದ್ದಲ್ಲ, ಮಗುವನ್ನ ನೋಡಿ ಕೊಡಬೇಕು. ಆದರೆ ದಾರಿ ಹೇಳುತ್ತೇನೆ. ಇವಳಿಗೆ ಬೇಕಾದ್ದು ಬಲ ಬರಿಸುವುದಕ್ಕಿಂತ ಜಾಸ್ತಿ, ತೂಕ ಕಾಯ್ದುಕೊಳ್ಳುವ ಅಭ್ಯಾಸ. ಮೊಣಕಾಲಲ್ಲಿ ನಿಂತು ಚೆಂಡು ಹಿಡಿಯುವುದು, ಹಾಸಿಗೆಯ ಮೇಲೆ ನಡೆಯುವುದು, ಮೆಟ್ಟಿಲು. ಒಂದೇ ಕೆಲಸ, ನಿಧಾನ, ನೂರು ಸಲ. ಕಿರುಮೆದುಳು ಮಾಡಿ ಮಾಡಿ ಕಲಿಯುವಂಥದ್ದು. ಅದೇ ಕೆಟ್ಟಿರುವಾಗ ಇನ್ನೂ ಜಾಸ್ತಿ ಸಲ ಮಾಡಬೇಕಾಗುತ್ತೆ, ಅಷ್ಟೇ. ದಿನಕ್ಕೆ ಹತ್ತು ನಿಮಿಷದಂತೆ ಮೂರು ಸಲ ಮಾಡಿಸಿ, ಒಂದೇ ಸಲ ಒಂದು ಗಂಟೆ ಬೇಡ.

ಮಣಿಕಟ್ಟಿಗೆ ತೂಕದ ಪಟ್ಟಿ ಕಟ್ಟಿದರೆ ಕೆಲವು ಮಕ್ಕಳ ನಡುಕ ಕಡಿಮೆಯಾಗುತ್ತೆ, ಕೆಲವರು ಸುಸ್ತಾಗಿ ಇನ್ನೂ ಕೆಡುತ್ತಾರೆ. ಓಟಿಯವರು ನೋಡಿ ಹೇಳಲಿ. ಚಮಚ ಮಾತ್ರ ಭಾರದ್ದು, ಹಿಡಿ ದಪ್ಪ ಇರುವುದು ಕೊಟ್ಟು ನೋಡಿ. ಪ್ಲಾಸ್ಟಿಕ್ ಚಮಚ ಬೇಡ. ತಟ್ಟೆ ಜಾರದಿರಲು ಕೆಳಗೆ ರಬ್ಬರಿನ ಜಾಳಿಗೆ ಶೀಟ್ ಹಾಸಿ, ತಟ್ಟೆಗೆ ಅಂಚು ಎತ್ತರ ಇರಲಿ.

*

ಡೊಂಬಿವಲಿ ಅಮ್ಮ
ಮಂಗಳವಾರ, ರಾತ್ರಿ 11:10

ರಬ್ಬರಿನ ಜಾಳಿಗೆ ಶೀಟ್ ಅಂದರೆ ಯಾವುದು? ಮೆಡಿಕಲ್ ಶಾಪಿನಲ್ಲಿ ಸಿಗುತ್ತಾ?

*

ಥಾಣೆ ಶೆಟ್ರು
ಮಂಗಳವಾರ, ರಾತ್ರಿ 11:25

ಮೆಡಿಕಲ್ ಶಾಪಿಗೆ ಹೋದರೆ ಎರಡು ಪಟ್ಟು ರೇಟು ಅಕ್ಕ. ಅಡುಗೆಮನೆ ಟ್ರಾಲಿಯ ಡ್ರಾಯರ್ ಒಳಗೆ ಪಾತ್ರೆ ಜಾರದಿರಲಿ ಅಂತ ಹಾಸುತ್ತಾರಲ್ಲ, ತೂತು ತೂತಿನದು, ಅದೇ. ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ನಿಮ್ಮ ಸ್ಟೇಷನ್ ಹತ್ತಿರದ ಪಾತ್ರೆ ಅಂಗಡಿಯಲ್ಲೇ ಇರುತ್ತೆ. ಅಂಚಿರುವ ಸ್ಟೀಲ್ ತಟ್ಟೆ ನನ್ನ ಹೋಟೆಲಿನಲ್ಲಿ ಬೇಕಾದಷ್ಟಿದೆ, ಪಾವ್ ಭಾಜಿಗೆ ತರಿಸಿದ್ದು. ನಮ್ಮ ಹುಡುಗ ಡೊಂಬಿವಲಿಯಿಂದಲೇ ದಿನಾ ಬರುತ್ತಾನೆ, ಅವನ ಕೈಲಿ ಎರಡು ಕಳಿಸುತ್ತೇನೆ. ನಿಮ್ಮ ಮನೆ ಸ್ಟೇಷನ್ನಿನ ಈಸ್ಟೋ ವೆಸ್ಟೋ ಅದೊಂದು ಹೇಳಿ.